ಹನ್ನೊಂದು ವರ್ಷದ ಲ್ಯಾಬ್ರಡಾರ್ ನಾಯಿ: ಸೊಂಟದ ಕೀಲು ಸವೆದಿದೆ, ಮಾತ್ರೆ ನಿಲ್ಲಿಸಿದ ಕೂಡಲೇ ನೋವು ಮತ್ತೆ ಶುರು

ತುಂಗಾತೀರ:

ಲ್ಯಾಬ್ರಡಾರ್, ಹೆಣ್ಣು, 11 ವರ್ಷ, ಮರಿಯಾಗದ ಹಾಗೆ ಆಪರೇಷನ್ ಆಗಿದೆ. ತೂಕ 37 ಕೆ.ಜಿ. ಊರು ಶಿವಮೊಗ್ಗದ ಹತ್ತಿರ, ಈಗ ಮಳೆ ಜೋರಾಗಿದೆ. ಮಲಗಿದ್ದವಳು ಏಳುವಾಗ ಮುಂಗಾಲು ಊರಿ ಹಿಂಭಾಗವನ್ನು ಎಳೆದುಕೊಂಡು ಏಳುತ್ತಾಳೆ. ಸ್ವಲ್ಪ ದೂರ ನಡೆದ ಮೇಲೆ ಸಲೀಸಾಗುತ್ತದೆ. ಓಡಿದರೆ ಎರಡೂ ಹಿಂಗಾಲನ್ನು ಒಟ್ಟಿಗೆ ಎತ್ತಿ ಮೊಲದಂತೆ ಕುಪ್ಪಳಿಸುತ್ತಾಳೆ. ತೊಡೆ ಸಣ್ಣಗಾಗಿದೆ. ಎಕ್ಸ್‌ರೇ ನೋಡಿದ ಡಾಕ್ಟರು ಎರಡೂ ಕಡೆ ಸೊಂಟದ ಕೀಲು ಸವೆದಿದೆ ಎಂದರು. ಮೆಲಾಕ್ಸಿಕ್ಯಾಮ್ ಎಂಬ ನೋವಿನ ಮಾತ್ರೆಯ ಹತ್ತು ದಿನದ ಕೋರ್ಸ್ ಕೊಟ್ಟಾಗ ಚೆನ್ನಾಗಿದ್ದಳು, ಮುಗಿದ ಮೇಲೆ ಮತ್ತೆ ಅದೇ ಸ್ಥಿತಿ.

ಕೇಳಬೇಕಾದದ್ದು ಇಷ್ಟು. ಈ ಮಾತ್ರೆಯನ್ನು ದೀರ್ಘಕಾಲ ಕೊಡಬಹುದೇ? ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆ ಕೊಡುವ 15 ಮಿ.ಗ್ರಾಂ ಮಾತ್ರೆ ಸಿಗುತ್ತದೆ, ಅದೇ ಔಷಧಿಯಲ್ಲವೇ? ಕ್ಯಾಲ್ಸಿಯಂ, ಮೀನೆಣ್ಣೆ, ಅರಿಶಿನ ಇವುಗಳಿಂದ ಉಪಯೋಗವಿದೆಯೇ? ವಾಕಿಂಗ್ ನಿಲ್ಲಿಸಬೇಕೇ? ಮನೆಯೆಲ್ಲ ವಿಟ್ರಿಫೈಡ್ ಟೈಲ್ಸ್, ಮುಂದುಗಡೆ ಮೂರು ಮೆಟ್ಟಿಲು.

ಊಟ: ಬೆಳಿಗ್ಗೆ ತುಪ್ಪ ಸವರಿದ ಎರಡು ಚಪಾತಿ, ಒಂದು ಲೋಟ ಹಾಲು. ಸಂಜೆ ಆರು ಗ್ಲೂಕೋಸ್ ಬಿಸ್ಕತ್ತು. ರಾತ್ರಿ ಎರಡು ಕಪ್ ಅನ್ನ, 150 ಗ್ರಾಂ ಬೇಯಿಸಿದ ಕೋಳಿ.

—

ಹೆಬ್ಬಾಳ_ಬ್ಯಾಚ್ (ಪಶುವೈದ್ಯ):

ದೀರ್ಘಕಾಲ ಕೊಡಬಹುದು. ವರ್ಷಗಟ್ಟಲೆ ತೆಗೆದುಕೊಳ್ಳುವ ನಾಯಿಗಳಿವೆ. ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ, ಆದ್ದರಿಂದ ಹತ್ತು ದಿನದ ಕೋರ್ಸಿನಲ್ಲಿ ವಾಸಿಯಾಗುವ ಕಾಯಿಲೆ ಇದಲ್ಲ. ಆದರೆ ರಕ್ತಪರೀಕ್ಷೆ ಮಾಡಿಸದೆ ಮುಂದುವರಿಸಬೇಡಿ. ಕಿಡ್ನಿಗೆ ಕ್ರಿಯಾಟಿನಿನ್, ಯೂರಿಯಾ, ಲಿವರಿಗೆ ಎ.ಎಲ್.ಟಿ., ಎ.ಎಲ್.ಪಿ., ಮತ್ತು ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಸಮೇತ ಪೂರ್ತಿ ರಕ್ತದ ಎಣಿಕೆ ಈಗ ಒಮ್ಮೆ, ಎರಡರಿಂದ ನಾಲ್ಕು ವಾರದ ನಂತರ ಒಮ್ಮೆ, ಆಮೇಲೆ ಮೂರರಿಂದ ಆರು ತಿಂಗಳಿಗೊಮ್ಮೆ ಆಗಬೇಕು. ಮೂತ್ರದ ಸಾಂದ್ರತೆಯನ್ನೂ ನೋಡಿಸಿ; ಕಿಡ್ನಿ ಸೋಲುತ್ತಿರುವುದು ಕ್ರಿಯಾಟಿನಿನ್ ಏರುವುದಕ್ಕಿಂತ ಮುಂಚೆ ಅಲ್ಲಿ ಕಾಣಿಸುವುದುಂಟು.

ಪ್ಲೇಟ್‌ಲೆಟ್ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕಡೆ ಉಣ್ಣೆ ಹುಳುವಿನ ಕಡಿತದಿಂದ ಬರುವ ಎರ್ಲಿಕಿಯಾ ಜ್ವರ ತೀರಾ ಸಾಮಾನ್ಯ. ಅದರಲ್ಲೂ ಕೀಲು ನೋಯುತ್ತದೆ, ನಾಯಿ ಏಳಲು ಕಷ್ಟಪಡುತ್ತದೆ, ಜೊತೆಗೆ ಪ್ಲೇಟ್‌ಲೆಟ್ ಇಳಿದಿರುತ್ತದೆ. ವಯಸ್ಸಾದ ನಾಯಿ ಎಂಬ ಒಂದೇ ಕಾರಣಕ್ಕೆ ಸಂಧಿವಾತ, ಅಂದರೆ ಕೀಲು ಸವೆತವೆಂದು ತೀರ್ಮಾನಿಸಿ ನೋವಿನ ಮಾತ್ರೆ ಕೊಟ್ಟರೆ ಮೂಲ ಕಾಯಿಲೆ ಹಾಗೇ ಉಳಿಯುತ್ತದೆ, ಹೊಟ್ಟೆಯೊಳಗೆ ರಕ್ತಸ್ರಾವದ ಅಪಾಯವೂ ಸೇರುತ್ತದೆ. ಜ್ವರ, ಊಟ ಬಿಡುವುದು, ಒಸಡಿನ ಮೇಲೆ ಕೆಂಪು ಚುಕ್ಕೆ, ಮೂಗಿನಿಂದ ರಕ್ತ, ಇದರಲ್ಲಿ ಯಾವುದಿದ್ದರೂ ಮೊದಲು ಅದನ್ನು ನೋಡಬೇಕು.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ: ಅವಳು ನಿಂತಿರುವಾಗ ಹೊಟ್ಟೆಯ ಕೆಳಗೆ ಕೈಕೊಟ್ಟು ಭಾರ ಹಿಡಿದು, ಒಂದು ಹಿಂಗಾಲಿನ ಪಾದವನ್ನು ಮಡಚಿ ಅದರ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ನರ ಸರಿಯಿರುವ ನಾಯಿ ಕೂಡಲೇ ಪಾದವನ್ನು ಸರಿಯಾಗಿ ತಿರುಗಿಸಿಕೊಳ್ಳುತ್ತದೆ. ತಡಮಾಡಿದರೆ, ಅಥವಾ ಹಿಂಗಾಲಿನ ನಡುಬೆರಳುಗಳ ಉಗುರು ಮೇಲ್ಗಡೆ ಸವೆದಿದ್ದರೆ, ತೊಂದರೆ ಬೆನ್ನುಹುರಿಯಲ್ಲಿರಬಹುದು. ಎಕ್ಸ್‌ರೇಯಲ್ಲಿ ಸೊಂಟ ಕೆಟ್ಟಿದ್ದರೂ ಸಹ. ಒಂದೇ ಕಾಲನ್ನು ದಿಢೀರನೆ ಎತ್ತಿ ನಡೆಯತೊಡಗಿದರೆ ಮಂಡಿಯ ಮೂಳೆಗಳನ್ನು ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟ್ ಹರಿದಿದೆಯೇ ನೋಡಿಸಿ; ತೂಕ ಹೆಚ್ಚಿರುವ ಲ್ಯಾಬ್‌ಗಳಲ್ಲಿ ಅದು ಬಹಳ. ಕಾಲಿನ ಮೂಳೆಯ ಮೇಲೆ ಗಟ್ಟಿ ಊತ ಕಂಡರೆ ಕಾಯಬೇಡಿ, ಅದು ಮೂಳೆ ಕ್ಯಾನ್ಸರ್ ಇರಬಹುದು. ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ನಾಯಿ ಅನುಭವಿಸುವ ನೋವಿಗೂ ಲೆಕ್ಕ ತಾಳೆಯಾಗುವುದಿಲ್ಲ. ಕೀಲನ್ನು ಕೈಯಲ್ಲಿ ಮಡಚಿ, ಹಿಂದಕ್ಕೆ ಚಾಚಿ ನೋಡಿದ ಪರೀಕ್ಷೆಯೇ ಮುಖ್ಯ.

ಈಗ ಮಾತ್ರೆ. ಮೆಲಾಕ್ಸಿಕ್ಯಾಮ್ ನಾಯಿಗೆ ಮೊದಲ ದಿನ ಕೆ.ಜಿ.ಗೆ 0.2 ಮಿ.ಗ್ರಾಂ, ನಂತರ ದಿನಕ್ಕೊಮ್ಮೆ 0.1 ಮಿ.ಗ್ರಾಂ. ಅಂದರೆ ನಿಮ್ಮವಳಿಗೆ 3.7 ಮಿ.ಗ್ರಾಂ. ಮನುಷ್ಯರ 15 ಮಿ.ಗ್ರಾಂ ಮಾತ್ರೆ ಅದರ ನಾಲ್ಕು ಪಟ್ಟು. ಔಷಧಿ ಒಂದೇ ಆದರೂ ಆ ಪ್ರಮಾಣ ಕರುಳಿನಲ್ಲಿ ತೂತು ಬೀಳಿಸಲು, ಕಿಡ್ನಿ ಕೆಡಿಸಲು ಸಾಕು. ಚೂರು ಮಾಡಿ ಅಂದಾಜಿನಲ್ಲಿ ಕೊಡುವುದಕ್ಕಿಂತ ಪ್ರಾಣಿಗಳಿಗೆಂದೇ ಬರುವ ದ್ರವರೂಪ ಒಳ್ಳೆಯದು. ಮಿ.ಲೀ.ಗೆ 1.5 ಮಿ.ಗ್ರಾಂ ಇರುವ ಬಾಟಲಿಯಾದರೆ ಸುಮಾರು 2.5 ಮಿ.ಲೀ. ಆಗುತ್ತದೆ, ಸಿರಿಂಜಿನಲ್ಲಿ ಅಳೆಯಬಹುದು, ನೋವು ಹಿಡಿತಕ್ಕೆ ಬಂದ ಮೇಲೆ ಡಾಕ್ಟರ ಸಲಹೆಯಂತೆ ಸ್ವಲ್ಪ ಸ್ವಲ್ಪವೇ ಇಳಿಸಿ, ನೋವು ತಡೆಯುವ ಕನಿಷ್ಠ ಪ್ರಮಾಣಕ್ಕೆ ಬಂದು ನಿಲ್ಲಬಹುದು. ಊಟದ ಜೊತೆಗೇ ಕೊಡಿ. ವಾಂತಿ, ಭೇದಿ ಆದ ದಿನ, ಊಟ ನೀರು ಬಿಟ್ಟ ದಿನ ಕೊಡಲೇಬೇಡಿ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಈ ಗುಂಪಿನ ಔಷಧಿ ಕಿಡ್ನಿಗೆ ನೇರ ಪೆಟ್ಟು ಕೊಡುತ್ತದೆ. ಮಲ ಡಾಂಬರಿನಷ್ಟು ಕಪ್ಪಗಿದ್ದರೆ ನಿಲ್ಲಿಸಿ, ಅದೇ ದಿನ ಕರೆದುಕೊಂಡು ಹೋಗಿ.

ಐಬುಪ್ರೊಫೇನ್, ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್‌ನಂಥ ಮನುಷ್ಯರ ನೋವಿನ ಮಾತ್ರೆ ಮನೆಯಲ್ಲಿದ್ದರೂ ಮುಟ್ಟಬೇಡಿ. ಪ್ರಾಣಿಗಳಿಗೆ ಡೈಕ್ಲೊಫಿನಾಕ್ ಕೊಡುವುದನ್ನು 2006ರಲ್ಲೇ ದೇಶದಲ್ಲಿ ನಿಷೇಧಿಸಲಾಗಿದೆ, 2023ರಲ್ಲಿ ಅಸಿಕ್ಲೊಫಿನಾಕ್ ಮತ್ತು ಕೀಟೊಪ್ರೊಫೇನನ್ನೂ. ಆ ಔಷಧಿ ಪಡೆದ ದನ ಸತ್ತಾಗ ಅದರ ಮಾಂಸ ತಿಂದ ರಣಹದ್ದುಗಳು ಕಿಡ್ನಿ ಸೋತು ಸಾಯುತ್ತಿದ್ದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದುಗಳು ಬೆರಳೆಣಿಕೆಗೆ ಇಳಿದ ನೋವು ನಮಗೆಲ್ಲ ಇದೆ. ಮೆಲಾಕ್ಸಿಕ್ಯಾಮ್ ಹದ್ದುಗಳಿಗೆ ಸುರಕ್ಷಿತ ಎಂಬುದು ಅದನ್ನು ಆರಿಸಲು ಇನ್ನೊಂದು ಕಾರಣ.

ಇನ್ನೊಂದು ಎಚ್ಚರಿಕೆ. ‘ಒಂದೇ ಇಂಜೆಕ್ಷನ್‌ಗೆ ಎದ್ದು ಓಡಾಡಿತು’ ಎನ್ನುವ ಕಡೆಗಳಲ್ಲಿ ಕೊಟ್ಟದ್ದು ಹೆಚ್ಚಾಗಿ ಸ್ಟೀರಾಯ್ಡ್. ಸ್ಟೀರಾಯ್ಡ್ ಮತ್ತು ಮೆಲಾಕ್ಸಿಕ್ಯಾಮ್ ಎರಡೂ ಮೈಯಲ್ಲಿ ಒಟ್ಟಿಗಿರಬಾರದು. ನಡುವೆ ವಾರವಾದರೂ ಬಿಡುವು ಬೇಕು, ದೀರ್ಘಕಾಲ ಕೆಲಸ ಮಾಡುವ ಸ್ಟೀರಾಯ್ಡ್ ಆಗಿದ್ದರೆ ಇನ್ನೂ ಹೆಚ್ಚು. ಬೇರೆ ಡಾಕ್ಟರ ಹತ್ತಿರ ಹೋದರೆ ಹಿಂದೆ ಹಾಕಿದ ಇಂಜೆಕ್ಷನ್ನಿನ ಹೆಸರು ಬರೆಸಿಕೊಂಡೇ ಹೋಗಿ.

ಮೆಲಾಕ್ಸಿಕ್ಯಾಮ್ ಒಂದೇ ಸಾಲದಿದ್ದರೆ ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಸೇರಿಸುತ್ತೇವೆ. ಮೊದಲ ಎರಡು ಮೂರು ದಿನ ಮಂಪರು, ತೂರಾಟ ಇರುತ್ತದೆ, ಆಮೇಲೆ ಹೊಂದಿಕೊಳ್ಳುತ್ತದೆ. ಆ ದಿನಗಳಲ್ಲಿ ಮೆಟ್ಟಿಲು ಹತ್ತಲು ಬಿಡಬೇಡಿ. ದಿಢೀರನೆ ನಿಲ್ಲಿಸಲೂ ಬಾರದು, ಇಳಿಸುತ್ತಾ ಬರಬೇಕು. ಟ್ರಮಡಾಲ್ ಎಂಬ ಇನ್ನೊಂದು ನೋವಿನ ಔಷಧಿ ಬರೆಯುವುದು ರೂಢಿಯಲ್ಲಿದೆ; ನಾಯಿಗಳ ಸಂಧಿವಾತಕ್ಕೆ ಅದು ಮನುಷ್ಯರಲ್ಲಿ ಮಾಡುವಂತೆ ಕೆಲಸ ಮಾಡುವುದಿಲ್ಲ.

—

ನಾಲ್ಕುಕಾಲು:

ಡಾಕ್ಟರ ಮಾತಿಗೆ ನನ್ನದು ಪೂರ್ತಿ ಒಪ್ಪಿಗೆ, ಆದರೆ ಈ ನಾಯಿಗೆ ಅತಿ ದೊಡ್ಡ ಔಷಧಿ ಎಂದರೆ ಇಳಿಸಬೇಕಾದ ಏಳು ಕೆ.ಜಿ. ತೂಕ. ಹೆಣ್ಣು ಲ್ಯಾಬ್‌ಗೆ 30 ಕೆ.ಜಿ. ಒಳಗಿದ್ದರೆ ಸರಿ. ಮೈತೂಕದ ನೂರಕ್ಕೆ ಆರೇಳರಷ್ಟು ಇಳಿದರೂ ಕುಂಟು ಕಡಿಮೆಯಾಗುವುದು ಕಾಣುತ್ತದೆ, ಅಂದರೆ ಇವಳಿಗೆ ಎರಡೂವರೆ ಕೆ.ಜಿ. ಇಳಿಯುವಷ್ಟರಲ್ಲೇ. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಊಟ ಕೊಟ್ಟು ಜೀವಮಾನವಿಡೀ ನೋಡಿದ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಡಿಮೆ ತಿಂದವುಗಳ ಆಯಸ್ಸಿನ ಮಧ್ಯಮಾಂಕ 13 ವರ್ಷ, ಹೆಚ್ಚು ತಿಂದವುಗಳದ್ದು 11.2. ಸಂಧಿವಾತವೂ ಅವುಗಳಿಗೆ ತಡವಾಗಿ ಬಂತು.

ನಿಮ್ಮ ಈಗಿನ ಊಟದ ಲೆಕ್ಕ ನೋಡಿ. ಚಪಾತಿ ಎರಡಕ್ಕೆ 200 ಕ್ಯಾಲೊರಿ, ಎರಡು ಚಮಚ ತುಪ್ಪಕ್ಕೆ 90, ಹಾಲು 125, ಬಿಸ್ಕತ್ತು 110, ಅನ್ನ 400, ಕೋಳಿ 250. ಹತ್ತಿರ ಹತ್ತಿರ 1,175. ಗುರಿಯ ತೂಕ 30 ಕೆ.ಜಿ.ಗೆ ವಿಶ್ರಾಂತಿಯಲ್ಲಿ ಬೇಕಾದ ಶಕ್ತಿ ಸುಮಾರು 900 ಕ್ಯಾಲೊರಿ, ತೂಕ ಇಳಿಸಲು ಅಲ್ಲಿಂದ ಶುರು ಮಾಡುತ್ತಾರೆ. ತುಪ್ಪ, ಬಿಸ್ಕತ್ತು, ಹಾಲು ತೆಗೆದರೆ ಸಾಕಲ್ಲವೇ ಎನ್ನಬಹುದು. ಲೆಕ್ಕಕ್ಕೆ ಸಾಕು, ಆದರೆ ಉಳಿಯುವುದು ಬಹುಪಾಲು ಹಿಟ್ಟು ಮತ್ತು ಅನ್ನ. ಪ್ರೋಟೀನ್ ಕಡಿಮೆಯಾದರೆ ಇಳಿಯುವುದು ಕೊಬ್ಬಿನ ಜೊತೆಗೆ ತೊಡೆಯ ಸ್ನಾಯು. ಅದು ಈಗಾಗಲೇ ಕರಗಿದೆ, ಸವೆದ ಕೀಲನ್ನು ಹಿಡಿದಿಟ್ಟಿರುವುದೇ ಅದು. ತೂಕ ಇಳಿಸಲೆಂದೇ ಮಾಡಿದ ಒಣ ಆಹಾರ ಸುಲಭದ ದಾರಿ. 100 ಗ್ರಾಂಗೆ 330 ಕ್ಯಾಲೊರಿ ಇರುವುದಾದರೆ ದಿನಕ್ಕೆ 250 ಗ್ರಾಂ, ಎರಡು ಹೊತ್ತಿಗೆ ಹಂಚಿ. ಉಳಿದ 75 ಕ್ಯಾಲೊರಿಯಲ್ಲಿ ಒಂದು ಬೇಯಿಸಿದ ಮೊಟ್ಟೆ ಬರುತ್ತದೆ. ಅಳತೆ ಲೋಟದಲ್ಲಿ ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಲೋಟದಲ್ಲಿ ಪ್ರತಿ ಸಲ ಒಂದೊಂದು ಹಿಡಿ ಹೆಚ್ಚು ಬೀಳುತ್ತದೆ. ಹಸಿವಿಗೆ ಬೇಯಿಸಿದ ಹುರುಳಿಕಾಯಿ, ಸಿಹಿಗುಂಬಳ, ಹಸಿ ಸೌತೆಕಾಯಿ ಬೆರೆಸಿ. ಸಾರು, ಸಾಂಬಾರಿನ ಅನ್ನ ಬೇಡವೇ ಬೇಡ, ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತದೆ.

ವಾರಕ್ಕೆ 300ರಿಂದ 400 ಗ್ರಾಂ ಇಳಿದರೆ ಸರಿಯಾದ ವೇಗ; ನಾಲ್ಕೈದು ತಿಂಗಳ ಕೆಲಸ. ನಿಮ್ಮ ಕಡೆ ಅಡಿಕೆ ತೂಗುವ ಪ್ಲಾಟ್‌ಫಾರಂ ತಕ್ಕಡಿ ಎಲ್ಲಿಯಾದರೂ ಸಿಗುತ್ತದೆ. ಹದಿನೈದು ದಿನಕ್ಕೊಮ್ಮೆ, ಊಟಕ್ಕೆ ಮುಂಚೆ, ಅದೇ ತಕ್ಕಡಿಯಲ್ಲಿ ತೂಗಿ. ಮನೆಯಲ್ಲಿ ಎಲ್ಲರೂ ಒಪ್ಪಬೇಕಾದ ವಿಷಯವಿದು. ಅಜ್ಜಿ ಕಾಫಿ ಕುಡಿಯುವಾಗ ಹಾಕುವ ಎರಡು ಬಿಸ್ಕತ್ತು ಲೆಕ್ಕದಿಂದ ಹೊರಗಿದ್ದರೆ ಮುಳ್ಳು ಕೆಳಗಿಳಿಯುವುದಿಲ್ಲ.

ಇನ್ನು ನೆಲ. ಟೈಲ್ಸ್ ಮೇಲೆ ಹಿಂಗಾಲು ಜಾರಿ ಎರಡೂ ಬದಿಗೆ ಅಗಲವಾಗುವುದೇ ಪ್ರತಿದಿನದ ಗಾಯ. ದನದ ಕೊಟ್ಟಿಗೆಗೆ ಹಾಸುವ ಗೀರುಗಳಿರುವ ರಬ್ಬರ್ ಮ್ಯಾಟ್ ನಮ್ಮಲ್ಲಿ ಸಿಗುವ ಅತ್ಯುತ್ತಮ ವಸ್ತು: ಭಾರವಿರುವುದರಿಂದ ಸರಿಯುವುದಿಲ್ಲ, ತೊಳೆಯಬಹುದು. ಹಾಸಿಗೆಯಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ ಎಲ್ಲೂ ಕಡಿಯದಂತೆ ಒಂದೇ ದಾರಿ ಹಾಸಿ. ನಡುವೆ ಎರಡಡಿ ಖಾಲಿ ಬಿಟ್ಟರೆ ಅವಳು ಅಂಚಿನಲ್ಲಿ ನಿಂತುಬಿಡುತ್ತಾಳೆ, ಇಲ್ಲವೇ ಹಾರಲು ನೋಡುತ್ತಾಳೆ, ಎರಡನೆಯದು ಅಪಾಯ. ಉಗುರು ನೆಲಕ್ಕೆ ತಾಗಿ ಟಕಟಕ ಸದ್ದು ಬರುತ್ತಿದ್ದರೆ ಪಾದದ ಮೆತ್ತೆ ಪೂರ್ತಿ ಊರುತ್ತಿಲ್ಲ ಎಂದರ್ಥ. ವಾರಕ್ಕೊಮ್ಮೆ ಒಂದೆರಡು ಮಿಲಿಮೀಟರ್ ಮಾತ್ರ ಕತ್ತರಿಸುತ್ತಾ ಬಂದರೆ ಒಳಗಿನ ರಕ್ತನಾಳವೂ ಹಿಂದೆ ಸರಿಯುತ್ತದೆ. ಅಂಗಳದಲ್ಲಿ ಪಾಚಿ ಕಟ್ಟಿದ್ದರೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಚೆನ್ನಾಗಿ ನೀರು ಹೊಯ್ದು, ಒಣಗಿದ ಮೇಲೆ ಬಿಡಿ.

ಮೂರು ಮೆಟ್ಟಿಲು ಎಂದರೆ ಸುಮಾರು 45 ಸೆಂ.ಮೀ. ಎತ್ತರ. ಆರಡಿ ಉದ್ದದ ಹಲಗೆ ಇಟ್ಟರೆ ಇಳಿಜಾರು 15 ಡಿಗ್ರಿಯೊಳಗೆ ನಿಲ್ಲುತ್ತದೆ, ಅದು ಹಿತ. 18 ಮಿ.ಮೀ. ವಾಟರ್‌ಪ್ರೂಫ್ ಪ್ಲೈವುಡ್, ಅಗಲ 50 ಸೆಂ.ಮೀ. 12 ಮಿ.ಮೀ. ಹಲಗೆ ಅವಳ ಭಾರಕ್ಕೆ ಬಳುಕುತ್ತದೆ, ಒಮ್ಮೆ ಬಳುಕಿದರೆ ಮತ್ತೆ ಕಾಲಿಡುವುದಿಲ್ಲ. ಮೇಲೆ ನಾರಿನ ಮ್ಯಾಟ್ ಬೇಡ, ಮಳೆಗಾಲದಲ್ಲಿ ನೀರು ಕುಡಿದು ಬೂಸಲು ಬರುತ್ತದೆ. ತೂತಿರುವ ರಬ್ಬರ್ ಮ್ಯಾಟನ್ನು ಸ್ಕ್ರೂ ಹಾಕಿ ಕೂರಿಸಿ. ಮೊದಲು ಹಲಗೆಯನ್ನು ನೆಲದ ಮೇಲೆ ಚಪ್ಪಟೆ ಇಟ್ಟು ಅದರ ಮೇಲೆ ನಡೆಸಿ, ಆಮೇಲೆ ಒಂದು ಇಟ್ಟಿಗೆ ಎತ್ತರ, ಕೊನೆಗೆ ಮೆಟ್ಟಿಲಿಗೆ.

ಮಲಗಲು ನಾಲ್ಕಿಂಚಿನ ಗಟ್ಟಿ ಫೋಮ್. ಮೊಣಕೈ ಊರಿ ಒತ್ತಿದರೆ ನೆಲ ಸಿಗಬಾರದು. ಗಂಟು ಕಟ್ಟಿದ ಹಳೇ ಹತ್ತಿ ಹಾಸಿಗೆ ಸೊಂಟಕ್ಕೆ ನೆಲಕ್ಕಿಂತ ಏನೂ ಮೇಲಲ್ಲ.

—

ಫಿಸಿಯೋ_ಮೈಸೂರು:

ವಾಕಿಂಗ್ ನಿಲ್ಲಿಸಬೇಡಿ. ಹಂಚಿ. ದಿನಕ್ಕೆ ಮೂರು ಸಲ, ಹತ್ತು ನಿಮಿಷ, ಹಗ್ಗ ಹಿಡಿದು, ನಾಲ್ಕೂ ಕಾಲು ಒಂದೊಂದಾಗಿ ಊರುವಷ್ಟು ನಿಧಾನ. ವೇಗ ಹೆಚ್ಚಾದರೆ ಅವಳು ಕುಪ್ಪಳಿಸತೊಡಗುತ್ತಾಳೆ, ಆಗ ಸೊಂಟ ಕೆಲಸ ಮಾಡುವುದೇ ಇಲ್ಲ, ಬೆನ್ನು ಮಾಡುತ್ತದೆ. ಮರುದಿನ ಬೆಳಿಗ್ಗೆ ಏಳುವುದು ಹಿಂದಿನ ದಿನಕ್ಕಿಂತ ಕಷ್ಟವಾಗಿದ್ದರೆ ನಿನ್ನೆಯದು ಜಾಸ್ತಿಯಾಯಿತು. ಮೂರರಲ್ಲೊಂದು ಭಾಗ ಕಡಿಮೆ ಮಾಡಿ. ವಾರದಲ್ಲಿ ಎಲ್ಲ ಸರಿಹೋದರೆ ಪ್ರತಿ ಸಲಕ್ಕೆ ಎರಡು ನಿಮಿಷ ಸೇರಿಸಿ. ಚೆಂಡು ಎಸೆಯುವುದು, ಸೋಫಾ ಹತ್ತಿಸುವುದು, ಕಾರಿನಿಂದ ಜಿಗಿಸುವುದು ಬಂದ್.

ಹೊರಡುವ ಮುಂಚೆ ಬಿಸಿನೀರಿನ ಬ್ಯಾಗನ್ನು ಟವೆಲಿನಲ್ಲಿ ಸುತ್ತಿ ಎರಡೂ ಸೊಂಟಕ್ಕೆ ಹತ್ತು ಹದಿನೈದು ನಿಮಿಷ ಇಡಿ. ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಒಂದು ನಿಮಿಷ ಇಟ್ಟು ಸುಡದಿದ್ದರೆ ಮಾತ್ರ. ಕೀಲು ಬಿಸಿಯಾಗಿ ಊದಿದ್ದರೆ ಶಾಖ ಬೇಡ, ಬಟ್ಟೆ ಸುತ್ತಿದ ಐಸ್ ಹತ್ತು ನಿಮಿಷ.

ತೊಡೆ ಬಲಕ್ಕೆ ಕೂತು ಏಳುವ ವ್ಯಾಯಾಮದಷ್ಟು ಉಪಯೋಗದ್ದು ಇನ್ನೊಂದಿಲ್ಲ. ಅವಳ ಒಂದು ಬದಿ ಗೋಡೆಗೆ ತಾಗುವಂತೆ ನಿಲ್ಲಿಸಿ; ಗೋಡೆ ಇಲ್ಲದಿದ್ದರೆ ನೋಯುವ ಕಾಲನ್ನು ಹೊರಗೆ ಚಾಚಿ ಓರೆಯಾಗಿ ಕೂರುತ್ತಾಳೆ, ಆ ಕಾಲಿಗೆ ವ್ಯಾಯಾಮವೇ ಆಗುವುದಿಲ್ಲ. ರಬ್ಬರ್ ಮ್ಯಾಟ್ ಮೇಲೆ ಐದು ಸಲ, ದಿನಕ್ಕೆರಡು ಹೊತ್ತು. ಪೂರ್ತಿ ಕೂರಲು ಆಗದಿದ್ದರೆ ಹಿಂದೆ ಗಟ್ಟಿಯಾದ ಗಿಡ್ಡ ಮಣೆ ಇಟ್ಟು ಅದರ ಮೇಲೆ ಕೂರಿಸಿ. ಎರಡು ವಾರ ಸಲೀಸಾದ ಮೇಲೆ ನೆಲದಿಂದ ಐದು ಸೆಂ.ಮೀ. ಎತ್ತರಕ್ಕೆ ನಾಲ್ಕು ಬಿದಿರು ಕಡ್ಡಿ ಅಡ್ಡ ಇಟ್ಟು, ಅವಳ ಮೈಯುದ್ದದಷ್ಟು ಅಂತರ ಕೊಟ್ಟು, ನಿಧಾನವಾಗಿ ದಾಟಿಸಿ. ಹಾರಿದರೆ ಕಡ್ಡಿ ಇಳಿಸಿ.

ನೀರಿನ ವ್ಯಾಯಾಮ ಸಿಕ್ಕರೆ ಬಿಡಬೇಡಿ. ಸೊಂಟದ ಕೀಲಿನ ಮಟ್ಟಕ್ಕೆ ನೀರಿದ್ದಾಗ ಕಾಲಿನ ಮೇಲೆ ಬೀಳುವುದು ಮೈತೂಕದ ನೂರಕ್ಕೆ 38 ಭಾಗ ಮಾತ್ರ. ಮಂಡಿ ಮಟ್ಟಕ್ಕಿದ್ದರೆ 85. ಅಂದರೆ ಆಳ ಸಾಲದಿದ್ದರೆ ಪ್ರಯೋಜನವೂ ಸಾಲದು. ಹೊಳೆಗೆ ಇಳಿಸಬೇಡಿ, ಕಲ್ಲು ಜಾರುತ್ತದೆ, ಮಳೆಗಾಲದಲ್ಲಿ ಇಲಿಜ್ವರದ ಭಯವೂ ಇದೆ.

ಎತ್ತಲು ಹಳೇ ಪಂಚೆಯನ್ನು ಉದ್ದಕ್ಕೆ ಮಡಚಿ ಹಿಂಗಾಲಿಗೆ ತುಸು ಮುಂದೆ ಹೊಟ್ಟೆಯಡಿ ಹಾಯಿಸಿ, ಎರಡೂ ತುದಿ ಕೈಯಲ್ಲಿ ಹಿಡಿಯಿರಿ. ಹೊತ್ತುಕೊಂಡು ಹೋಗಲಿಕ್ಕಲ್ಲ, ಜಾರಿದರೆ ತಡೆಯುವಷ್ಟು ಮಾತ್ರ ಬಿಗಿ. ಓದುವವರಲ್ಲಿ ಗಂಡು ನಾಯಿ ಇರುವವರು ಪಂಚೆ ಮೂತ್ರದ ಜಾಗಕ್ಕೆ ಒತ್ತದಂತೆ ನೋಡಿಕೊಳ್ಳಿ.

—

ಡಬ್ಲಿನ್_ಕನ್ನಡತಿ:

ಹೊರದೇಶದಲ್ಲಿ ಓದುತ್ತಿರುವವರಿಗೆ ಒಂದು ಮಾತು. ಇಲ್ಲಿ ಬೆಡಿನ್ವೆಟ್‌ಮ್ಯಾಬ್ ಇಂಜೆಕ್ಷನ್, ಲಿಬ್ರೆಲಾ ಎಂಬ ಹೆಸರಿನಲ್ಲಿ, ತಿಂಗಳಿಗೊಮ್ಮೆ ಚರ್ಮದಡಿ ಕೊಡುತ್ತಾರೆ. ನೋವಿನ ಸಂದೇಶ ಹೆಚ್ಚಿಸುವ ನರ ಬೆಳವಣಿಗೆ ಅಂಶವನ್ನು ಅದು ತಡೆಯುತ್ತದೆ. ಯುರೋಪಿನಲ್ಲಿ 2020ರಲ್ಲಿ, ಅಮೆರಿಕದಲ್ಲಿ 2023ರಲ್ಲಿ ಅನುಮತಿ ಸಿಕ್ಕಿತು. ಹೊಟ್ಟೆಗೆ ಮಾತ್ರೆ ಒಗ್ಗದ ನಾಯಿಗಳಿಗೆ ಒಳ್ಳೆಯ ದಾರಿ. ಆದರೆ ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರ್‌ನಲ್ಲಿ ಪಶುವೈದ್ಯರಿಗೆ ಪತ್ರ ಬರೆದು, ತೂರಾಟ, ಫಿಟ್ಸ್, ಹೆಚ್ಚು ಬಾಯಾರಿಕೆ ಮೊದಲಾದ ವರದಿಗಳ ಬಗ್ಗೆ ಎಚ್ಚರಿಸಿದ್ದಾರೆ. ಮೇಲೆ ಹೇಳಿದ ಪಾದ ಮಡಚುವ ಪರೀಕ್ಷೆ ಇದಕ್ಕೂ ಮುಂಚೆ ಆಗಿರಲೇಬೇಕು: ನರದ ಕಾಯಿಲೆ ಮೊದಲೇ ಇದ್ದರೆ, ಆಮೇಲೆ ಬಂದ ತೂರಾಟ ಯಾವುದರಿಂದ ಎಂದು ಯಾರಿಗೂ ಹೇಳಲಾಗುವುದಿಲ್ಲ.

—

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಪಾದ ಮಡಚಿ ನೋಡಿದೆ, ಎರಡೂ ಕಡೆ ತಕ್ಷಣ ತಿರುಗಿಸಿಕೊಂಡಳು. ರಕ್ತಪರೀಕ್ಷೆಗೆ ನಾಳೆ ಹೋಗುತ್ತೇವೆ. ಮೀನೆಣ್ಣೆ, ಕ್ಯಾಲ್ಸಿಯಂ, ಅರಿಶಿನದ ಬಗ್ಗೆ ಹೇಳಿ. ಮಾತ್ರೆ ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯುವುದು ಹೇಗೆ?

—

ಹೆಬ್ಬಾಳ_ಬ್ಯಾಚ್ (ಪಶುವೈದ್ಯ):

ಕ್ಯಾಲ್ಸಿಯಂ ಬೇಡ, ಬೆಳೆದ ನಾಯಿಯ ಸವೆದ ಕೀಲಿಗೆ ಅದರಿಂದ ಏನೂ ಆಗುವುದಿಲ್ಲ. ಅರಿಶಿನ ಕರುಳಿನಿಂದ ರಕ್ತಕ್ಕೆ ಸೇರುವುದೇ ಅತಿ ಕಡಿಮೆ. ಅಡುಗೆಯ ಚಿಟಿಕೆಯಿಂದ ನೋವು ಇಳಿಯುವುದಿಲ್ಲ. ಕೀಲಿಗೆಂದು ಮಾರುವ ಗ್ಲುಕೋಸಮೈನ್‌ಗೆ ಪುರಾವೆ ತೆಳುವು. ಆ ಹಣವನ್ನು ರಬ್ಬರ್ ಮ್ಯಾಟಿಗೆ ಹಾಕಿ.

ಮೀನೆಣ್ಣೆಗೆ ಪುರಾವೆ ಇದೆ, ಆದರೆ ಪ್ರಮಾಣ ಸಾಲದೆ ಬಹುತೇಕರಿಗೆ ಫಲ ಸಿಗುವುದಿಲ್ಲ. ಮೀನೆಣ್ಣೆಯಲ್ಲಿ ಕೆಲಸ ಮಾಡುವ ಒಮೆಗಾ-3 ಕೊಬ್ಬುಗಳಾದ ಇ.ಪಿ.ಎ., ಡಿ.ಎಚ್.ಎ. ಎರಡೂ ಸೇರಿ ಕೆ.ಜಿ.ಗೆ ಸುಮಾರು 100 ಮಿ.ಗ್ರಾಂ ಬೇಕು. 30 ಕೆ.ಜಿ.ಗೆ 3,000. ಡಬ್ಬಿಯ ಮುಂದೆ 1,000 ಮಿ.ಗ್ರಾಂ ಎಂದು ಬರೆದಿರುವುದು ಎಣ್ಣೆಯ ತೂಕ. ಹಿಂದೆ ಓದಿದರೆ ಸಾಮಾನ್ಯವಾಗಿ 180 ಮತ್ತು 120, ಅಂದರೆ 300 ಮಾತ್ರ. ಅದರಲ್ಲಿ ದಿನಕ್ಕೆ ಹತ್ತು ಕ್ಯಾಪ್ಸೂಲ್, ಹೆಚ್ಚುವರಿ 90 ಕ್ಯಾಲೊರಿ. ಒಂದರಲ್ಲಿ 500–600 ಇರುವ ಸಾಂದ್ರ ಕ್ಯಾಪ್ಸೂಲ್ ತೆಗೆದುಕೊಂಡರೆ ಐದಾರು ಸಾಕು. ಎಣ್ಣೆಯ ಕ್ಯಾಲೊರಿಯನ್ನು ಊಟದಿಂದ ಕಳೆಯಿರಿ. ಮೊದಲ ವಾರ ಕಾಲು ಭಾಗ, ವಾರಕ್ಕೊಂದು ಕಾಲು ಭಾಗ ಏರಿಸಿ. ಒಮ್ಮೆಲೇ ಪೂರ್ತಿ ಕೊಟ್ಟರೆ ಭೇದಿ, ಆಗ ಮೆಲಾಕ್ಸಿಕ್ಯಾಮನ್ನೂ ನಿಲ್ಲಿಸಬೇಕಾಗುತ್ತದೆ. ಕಾಡ್ ಲಿವರ್ ಎಣ್ಣೆ ಬೇಡ, ಈ ಪ್ರಮಾಣದಲ್ಲಿ ಎ ಮತ್ತು ಡಿ ವಿಟಮಿನ್ ವಿಷವಾಗುತ್ತದೆ. ಅಗಸೆ ಎಣ್ಣೆಯನ್ನು ನಾಯಿಯ ಮೈ ಇ.ಪಿ.ಎ. ಆಗಿ ಬದಲಿಸುವುದು ಅತ್ಯಲ್ಪ. ಫಲ ನೋಡಲು ಎರಡು ಮೂರು ತಿಂಗಳು ಬೇಕು.

ಮಾತ್ರೆಯ ಫಲ ಅಳೆಯಲು ನೆನಪನ್ನು ನಂಬಬೇಡಿ. ನಾಲ್ಕು ಕೆಲಸ ಆರಿಸಿ: ಹಾಸಿಗೆಯಿಂದ ಏಳುವುದು, ನಡೆಯುವುದು, ಹಲಗೆ ಹತ್ತುವುದು, ಮಲ ವಿಸರ್ಜನೆಗೆ ಕುಕ್ಕರಿಸಿ ನಿಲ್ಲುವುದು. ಪ್ರತಿ ಭಾನುವಾರ ಒಂದೊಂದಕ್ಕೂ ಸೊನ್ನೆಯಿಂದ ಹತ್ತರೊಳಗೆ ಅಂಕ ಹಾಕಿ, ಸೊನ್ನೆ ಎಂದರೆ ತೊಂದರೆಯಿಲ್ಲ. ಅಂಕ ಹಾಕುವವರು ಒಬ್ಬರೇ ಇರಲಿ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಅವಳು ಏಳುವುದನ್ನು, ಆಮೇಲೆ ನೇರ ದೂರ ಹೋಗಿ ವಾಪಸ್ ಬರುವುದನ್ನು ಅದೇ ಜಾಗದಲ್ಲಿ, ಅವಳ ಎದೆಯ ಎತ್ತರದಿಂದ ಫೋನಿನಲ್ಲಿ ವಿಡಿಯೋ ಮಾಡಿ. ಆಸ್ಪತ್ರೆಯಲ್ಲಿ ಗಾಬರಿಗೆ ನಾಯಿ ನೋವು ಮರೆತು ನೆಟ್ಟಗೆ ನಡೆಯುತ್ತದೆ, ಆದ್ದರಿಂದ ನಮಗೆ ಆ ವಿಡಿಯೋ ಬೇಕೇ ಬೇಕು. ನಾಳೆ ಹೋಗುವ ಮುಂಚೆ ಮೊದಲನೆಯದನ್ನು ತೆಗೆದುಕೊಂಡುಬಿಡಿ, ಮಾತ್ರೆ ಶುರುವಾದ ಮೇಲೆ ಹೋಲಿಸಿ ನೋಡಲು ಅದೊಂದೇ ಇರುವುದು.